ಸುಮ್ನೆ ಖುಷಿಗೆ ಬೆಟ್ಟ ಹತ್ತಬೇಕೆಂದಿರುವ ಹೆಂಗಸರಿಗೆ: ಮೊದಲ ಚಾರಣದ ತಯಾರಿ

ನಮ್ಮ ಹೆಂಗಸರಿಗೆ ಬೆಟ್ಟ ಹೊಸದೇನಲ್ಲ. ಶಿವಗಂಗೆಗೆ ಹೋಗಿ ನೋಡಿ, ವಯಸ್ಸಾದ ಅಜ್ಜಿಯರು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬರಿಗಾಲಲ್ಲೇ ಹತ್ತುತ್ತಿರುತ್ತಾರೆ. ಚಾಮುಂಡಿ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತಾ ಮೇಲೇರುವವರಿದ್ದಾರೆ. ಮಲೆನಾಡಿನಲ್ಲಿ ಸೀಗೆಕಾಯಿ, ದರಗು, ಸೌದೆ ಅಂತ ದಿನವೂ ಗುಡ್ಡ ಹತ್ತಿ ಇಳಿದವರು ಹೆಚ್ಚಾಗಿ ಹೆಂಗಸರೇ. ಹರಕೆಯಿದ್ದರೆ ಹತ್ತಬಹುದು, ಸೌದೆ ಬೇಕಿದ್ದರೂ ಹತ್ತಬಹುದು. ಸುಮ್ನೆ ಖುಷಿಗೆ ಹತ್ತಿ ಬರುತ್ತೇನೆ ಅಂದಾಗ ಮಾತ್ರ ಮನೆಯಲ್ಲಿ ಹತ್ತು ಪ್ರಶ್ನೆ ಏಳುತ್ತವೆ.

ಶೂ, ಬ್ಯಾಗು, ಕೋಲು ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಸಿಗದೇ ಇರುವುದು ಒಂದು ಪೂರ್ತಿ ದಿನ. ಆದ್ದರಿಂದ ತಯಾರಿಯೂ ಅಲ್ಲಿಂದಲೇ ಶುರುವಾಗಲಿ.

ಮೊದಲು ದಿನ ಗೊತ್ತು ಮಾಡಿ

"ನಾನೂ ಹೋಗಲಾ?" ಅಂತ ಕೇಳಿದರೆ "ನೋಡೋಣ" ಅನ್ನುವ ಉತ್ತರ ಬರುತ್ತದೆ. ಆ ನೋಡೋಣಕ್ಕೆ ಕೊನೆಯೇ ಇಲ್ಲ. "ಬರುವ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ನಾಲ್ಕಕ್ಕೆ ಹೊರಡುತ್ತೇನೆ, ಸಂಜೆ ಆರರೊಳಗೆ ಮನೆಯಲ್ಲಿರುತ್ತೇನೆ" ಅಂದರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಆಮೇಲೆ ಚರ್ಚೆ ಆಗುವುದು ಮಕ್ಕಳ ಕ್ಲಾಸಿಗೆ ಯಾರು ಬಿಡಬೇಕು, ಹಾಲು ಯಾರು ತರಬೇಕು ಅನ್ನುವುದರ ಬಗ್ಗೆ. ಅವೆಲ್ಲ ಬಗೆಹರಿಯುವಂಥ ವಿಷಯಗಳು. ಮೂರು ವಾರ ಮೊದಲೇ ಹೇಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವಂತೆ ಗುರುತು ಹಾಕಿ.

ಒಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮನೆಯವರಿಗೆ ಮೂರು ಹೊತ್ತಿನ ಅಡುಗೆ ಮಾಡಿಟ್ಟು ಹೊರಡಬೇಡಿ. ರಾತ್ರಿ ಹನ್ನೊಂದರವರೆಗೆ ಪಾತ್ರೆ ತೊಳೆದು, ಎರಡಕ್ಕೆ ಎದ್ದು ಪಲ್ಯ ಹೆಚ್ಚಿ, ನಿದ್ದೆಗೆಟ್ಟ ಕಾಲುಗಳಲ್ಲಿ ಬಂಡೆ ಹತ್ತಿದರೆ ಇಳಿಯುವಾಗ ಜಾರುತ್ತೀರಿ. ಇದು ಹಕ್ಕಿನ ಮಾತಾಗುವ ಮೊದಲು ಸುರಕ್ಷತೆಯ ಮಾತು. "ಅತ್ತೆ, ಅವತ್ತು ಮಧ್ಯಾಹ್ನದ ಊಟ ಇವರೇ ನೋಡಿಕೊಳ್ಳುತ್ತಾರೆ" ಅಂತ ಇಬ್ಬರೂ ಇರುವಾಗಲೇ ಹೇಳಿಬಿಡಿ. ಒಂದು ದಿನ ಹೋಟೆಲಿನಿಂದ ಇಡ್ಲಿ ತರಿಸಿದರೆ ಯಾರ ಹೊಟ್ಟೆಯೂ ಕೆಡುವುದಿಲ್ಲ.

ಮನೆಯವರ ಭಯ ಮಾತ್ರ ನಿಜವಾದದ್ದು, ಅದನ್ನು ತಳ್ಳಿಹಾಕಬೇಡಿ. ಭಯಕ್ಕೆ ಮಾಹಿತಿಯೇ ಮದ್ದು. ಒಂದು ಹಾಳೆಯಲ್ಲಿ ಇಷ್ಟು ಬರೆದು ಫ್ರಿಜ್ಜಿಗೆ ಅಂಟಿಸಿ: ಯಾವ ಬೆಟ್ಟ, ಎಲ್ಲಿಂದ ಹತ್ತುವುದು, ಜೊತೆಗಿರುವ ಇಬ್ಬರ ಫೋನ್ ನಂಬರ್, ಗಾಡಿಯ ನಂಬರ್, ಎಷ್ಟು ಗಂಟೆಯೊಳಗೆ ಕೆಳಗಿಳಿದು ಫೋನ್ ಮಾಡುತ್ತೀರಿ, ಮಾಡದಿದ್ದರೆ ಎಷ್ಟು ಹೊತ್ತು ಕಾದು ಯಾರಿಗೆ ತಿಳಿಸಬೇಕು. ಫೋನಿನಲ್ಲಿ ಲೊಕೇಶನ್ ಕಳಿಸಿದ್ದೇನಲ್ಲ ಅಂತ ನಂಬಿ ಕೂರಬೇಡಿ. ಪಶ್ಚಿಮಘಟ್ಟದ ಬಹಳಷ್ಟು ದಾರಿಗಳಲ್ಲಿ ನೆಟ್‌ವರ್ಕ್ ಇರುವುದೇ ಇಲ್ಲ.

ದೇಹಕ್ಕೆ ಆರು ವಾರ ಕೊಡಿ

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ದೈಹಿಕ ಚಟುವಟಿಕೆ ಮಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸು ನಡಿಗೆ ಅಂದರೆ ಅದರ ಕನಿಷ್ಠ ಲೆಕ್ಕ ಮುಗಿಯಿತು. ಮೊದಲ ಎರಡು ವಾರ ಇಷ್ಟು ಸಾಕು. ಮೂರನೇ ವಾರದಿಂದ ಮೆಟ್ಟಿಲು ಸೇರಿಸಿ. ಮನೆಯ ತಾರಸಿಯ ಮೆಟ್ಟಿಲು, ಅಪಾರ್ಟ್‌ಮೆಂಟಿನ ಮೆಟ್ಟಿಲು, ಊರಿನ ದೇವಸ್ಥಾನದ ಮೆಟ್ಟಿಲು, ಯಾವುದಾದರೂ ಆದೀತು. ಕೊನೆಯ ಎರಡು ವಾರ ಬೆನ್ನಿಗೆ ಮೂರು ಲೀಟರ್ ನೀರಿನ ಬ್ಯಾಗು ಹಾಕಿಕೊಂಡೇ ಹತ್ತಿ. ಇಳಿಯುವುದನ್ನೂ ಅಭ್ಯಾಸ ಮಾಡಬೇಕು, ಲಿಫ್ಟಿನಲ್ಲಿ ಕೆಳಗೆ ಬಂದರೆ ಪ್ರಯೋಜನವಿಲ್ಲ. ಮಂಡಿಗೆ ಪೆಟ್ಟು ಬೀಳುವುದೇ ಇಳಿಯುವಾಗ.

ಹೊರಡುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ನಾಲ್ಕು ಹೆಜ್ಜೆಗೆ ಏದುಸಿರು ಬಂದರೆ "ವಯಸ್ಸಾಯ್ತು", "ದಪ್ಪ ಆಗಿದ್ದೇನೆ" ಅಂತ ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ. ಎಷ್ಟೋ ಸಲ ಕಾರಣ ಹಿಮೋಗ್ಲೋಬಿನ್ ಕಡಿಮೆ ಇರುವುದು. ಹೆಂಗಸರಲ್ಲಿ ಅದು 12ಕ್ಕಿಂತ ಕಡಿಮೆಯಿದ್ದರೆ ಡಾಕ್ಟರನ್ನು ಕಂಡು ಸರಿಮಾಡಿಕೊಳ್ಳಿ. ಊಟವಾದ ಕೂಡಲೇ ಕಾಫಿ, ಟೀ ಕುಡಿಯುವ ಅಭ್ಯಾಸವಿದ್ದರೆ ಒಂದು ಗಂಟೆ ಮುಂದಕ್ಕೆ ಹಾಕಿ. ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹಿಡಿಯದಂತೆ ಅವು ತಡೆಯುತ್ತವೆ. ಉಬ್ಬಸ, ಬಿಪಿ, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಡಾಕ್ಟರನ್ನು ಕೇಳದೆ ಹೊರಡಬಾರದು.

ಹೆರಿಗೆಯಾದ ಎಷ್ಟೋ ಜನ ಬಾಯಿಬಿಟ್ಟು ಹೇಳದ ಇನ್ನೊಂದು ಸಂಗತಿಯಿದೆ. ಕೆಮ್ಮಿದಾಗ, ಹಾರಿದಾಗ, ಮೆಟ್ಟಿಲು ಇಳಿಯುವಾಗ ಮೂತ್ರ ಸ್ವಲ್ಪ ಸೋರುತ್ತದೆ. ಬೆಟ್ಟ ಬೇಡ ಅನ್ನುವುದಕ್ಕೆ ಇದೇ ಒಳಗಿನ ಕಾರಣವಾಗಿರುತ್ತದೆ. ಇದು ಸಾಮಾನ್ಯ ತೊಂದರೆ, ಅಭ್ಯಾಸದಿಂದ ಬಹಳ ಮಟ್ಟಿಗೆ ಹತೋಟಿಗೂ ಬರುತ್ತದೆ. ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯುಗಳನ್ನು ಐದು ಎಣಿಸುವಷ್ಟು ಹೊತ್ತು ಬಿಗಿಹಿಡಿದು ಬಿಡುವುದು, ಒಂದು ಸಲಕ್ಕೆ ಹತ್ತರಂತೆ ದಿನಕ್ಕೆ ಮೂರು ಸಲ. ಬಸ್ಸಿನಲ್ಲಿ ಕೂತಾಗಲೂ ಮಾಡಬಹುದು. ಸರಿಹೋಗುವವರೆಗೆ ತೆಳು ಪ್ಯಾಡ್ ಇಟ್ಟುಕೊಂಡು ಹತ್ತಿ, ಏನೂ ತೊಂದರೆಯಿಲ್ಲ.

ಐವತ್ತು ದಾಟಿದವರಿಗೆ ಚಾರಣ ಇನ್ನೂ ಬೇಕು ಅಂತ ನನ್ನ ಅಭಿಪ್ರಾಯ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ಮೈಭಾರ ಹೊತ್ತು ನಡೆಯುವ, ಹತ್ತುವ ವ್ಯಾಯಾಮ ಮೂಳೆಯನ್ನು ಗಟ್ಟಿಯಾಗಿಡಲು ನೆರವಾಗುತ್ತದೆ.

ಯಾವ ಬೆಟ್ಟ ಮೊದಲು?

ಇನ್‌ಸ್ಟಾಗ್ರಾಮಿನಲ್ಲಿ ಜಾಸ್ತಿ ಕಾಣುವ ಬೆಟ್ಟವನ್ನು ಮೊದಲನೆಯದಾಗಿ ಆರಿಸಬೇಡಿ. ಮನೆಯಿಂದ ಎರಡು ಗಂಟೆಯೊಳಗೆ ತಲುಪುವ, ದಾರಿ ಸ್ಪಷ್ಟವಾಗಿರುವ, ಬೇಡ ಅನ್ನಿಸಿದ ಕೂಡಲೇ ವಾಪಸ್ ಇಳಿಯಬಹುದಾದ ಬೆಟ್ಟವೇ ಒಳ್ಳೆಯದು.

ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲ ದಾರಿಗಿಂತ ಒಳ್ಳೆಯ ಶಾಲೆ ಇಲ್ಲ. ಸುಮಾರು ಸಾವಿರ ಮೆಟ್ಟಿಲು, ನಡುವೆ ನಂದಿ, ಬೆಳಗಿನ ಹೊತ್ತು ಯಾವಾಗಲೂ ಜನ. ತುಂಗಭದ್ರೆಯ ಕಡೆಯವರಿಗೆ ಹಂಪಿಯ ಮತಂಗ ಬೆಟ್ಟ, ಆನೆಗೊಂದಿಯ ಅಂಜನಾದ್ರಿ ಇವೆ. ಬಾದಾಮಿಯ ಕೋಟೆ ಗುಡ್ಡಗಳು, ಚಿತ್ರದುರ್ಗದ ಕೋಟೆ, ಬಳ್ಳಾರಿ ಗುಡ್ಡ, ಬೆಳಗಾವಿ ಪಕ್ಕದ ರಾಜಹಂಸಗಡ ಎಲ್ಲವೂ ಮೊದಲ ಹತ್ತಾಟಕ್ಕೆ ಹೇಳಿ ಮಾಡಿಸಿದಂತಿವೆ. ಬೆಂಗಳೂರಿನವರು ಶಿವಗಂಗೆಯಿಂದ ಶುರುಮಾಡಬಹುದು, ಕೋತಿಗಳ ಕಾಟ ಸಹಿಸಿಕೊಂಡರೆ ಆಯಿತು. ಕೈಯಲ್ಲಿ ತಿಂಡಿಯ ಕವರ್ ಹಿಡಿಯದಿದ್ದರೆ ಅವೂ ಹತ್ತಿರ ಬರುವುದು ಕಡಿಮೆ.

ಮಾಗಡಿ ಬಳಿಯ ಸಾವನದುರ್ಗ ಹತ್ತಿರವಿದೆ ಅಂತ ಅನೇಕರು ಮೊದಲು ಅಲ್ಲಿಗೇ ಹೋಗುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. 1,226 ಮೀಟರ್ ಎತ್ತರದ ಬೆಟ್ಟ, ಉದ್ದಕ್ಕೂ ಕಡಿದಾದ ನುಣುಪು ಬಂಡೆ. ಶೂ ಹಿಡಿತವನ್ನು ನಂಬಿ ಬಂಡೆಯ ಮೇಲೆ ನೆಟ್ಟಗೆ ನಿಂತು ನಡೆಯುವುದು ಕಲಿಯಬೇಕಾದ ವಿದ್ಯೆ. ಅದು ಎರಡನೆಯದೋ ಮೂರನೆಯದೋ ಆಗಲಿ. ಮಳೆ ಬಿದ್ದ ದಿನವಂತೂ ಬೇಡವೇ ಬೇಡ.

ಕಾಲು ಪಳಗಿದ ಮೇಲೆ ಮೂಡಿಗೆರೆ ಕಡೆಯ ಎತ್ತಿನಭುಜ, ಕೊಡಗಿನ ತಡಿಯಂಡಮೋಳ್ (1,748 ಮೀಟರ್), ಕೊಲ್ಲೂರಿನ ಮೇಲಿನ ಕೊಡಚಾದ್ರಿ (1,343 ಮೀಟರ್) ನೋಡಿ. ಕಣಿವೆಯ ದಟ್ಟ ಶೋಲಾ ಕಾಡು ದಾಟಿ ಹುಲ್ಲುಗಾವಲಿಗೆ ತೆರೆದುಕೊಳ್ಳುವ ನಡಿಗೆಯ ಸುಖ ಸಿಗುವುದು ಈ ಕಡೆ. ಕುದುರೆಮುಖ (1,894 ಮೀಟರ್) ಹೋಗಿಬರಲು ಸುಮಾರು 20 ಕಿ.ಮೀ. ನಡಿಗೆ. ತೀರಾ ಕಡಿದಲ್ಲ, ಆದರೆ ದೂರ. ಕುಮಾರಪರ್ವತವನ್ನು (1,712 ಮೀಟರ್) ಕೊನೆಗಿಡಿ. ಕುಕ್ಕೆ ಸುಬ್ರಹ್ಮಣ್ಯ ಘಟ್ಟದ ಬುಡದಲ್ಲಿದೆ. ಅಲ್ಲಿಂದ ತುದಿಗೆ ಏರಬೇಕಾದದ್ದು 1,500 ಮೀಟರಿಗೂ ಜಾಸ್ತಿ. ಬೇರೆ ಬೆಟ್ಟಗಳಲ್ಲಿ ಅರ್ಧ ಎತ್ತರವನ್ನು ಗಾಡಿಯೇ ಹತ್ತಿಸಿಬಿಡುತ್ತದೆ, ಇಲ್ಲಿ ಪೂರ್ತಿ ನಮ್ಮ ಕಾಲಿನದೇ ಕೆಲಸ.

ಊರ ಪಕ್ಕದ ಬೆಟ್ಟದಿಂದ ಏನಾದೀತು ಅನ್ನುವವರಿಗೆ ಜಮ್ಶೆಡ್‌ಪುರದ ಪ್ರೇಮಲತಾ ಅಗರ್ವಾಲ್ ಅವರ ಕಥೆ ಹೇಳಬಹುದು. ಎರಡು ಹೆಣ್ಣುಮಕ್ಕಳ ತಾಯಿ, ಗೃಹಿಣಿ. ಮೂವತ್ತೈದರ ಆಸುಪಾಸಿನಲ್ಲಿ ಊರ ಪಕ್ಕದ ದಲ್ಮಾ ಬೆಟ್ಟ ಹತ್ತುವ ಸ್ಪರ್ಧೆಯಿಂದ ಅವರ ಹಾದಿ ಶುರುವಾಯಿತು. 1984ರಲ್ಲಿ ಎವರೆಸ್ಟ್ ಏರಿದ ಭಾರತದ ಮೊದಲ ಮಹಿಳೆ ಬಚೇಂದ್ರಿ ಪಾಲ್ ಅವರ ಮಾರ್ಗದರ್ಶನ ಸಿಕ್ಕಿತು. 2011ರಲ್ಲಿ, 48ನೇ ವಯಸ್ಸಿನಲ್ಲಿ, ಪ್ರೇಮಲತಾ ಎವರೆಸ್ಟ್ ತುದಿಯಲ್ಲಿದ್ದರು.

ಕಾಲ ಮತ್ತು ಅನುಮತಿ

ಅಕ್ಟೋಬರಿನಿಂದ ಜನವರಿವರೆಗೆ ಒಳ್ಳೆಯ ಕಾಲ. ಫೆಬ್ರವರಿಯಿಂದ ಮೇವರೆಗೆ ಕಾಳ್ಗಿಚ್ಚಿನ ಭಯ, ಅರಣ್ಯ ಇಲಾಖೆ ಅನೇಕ ದಾರಿಗಳನ್ನು ಮುಚ್ಚುತ್ತದೆ. ಮಳೆಗಾಲದಲ್ಲಿ ಘಟ್ಟ ಚೆಂದ, ಆದರೆ ಹೊಸಬರಿಗಲ್ಲ. ಬೆಳಿಗ್ಗೆ ಹಾರಿ ದಾಟಿದ ಹಳ್ಳ ಮಧ್ಯಾಹ್ನ ಸೊಂಟ ಮುಟ್ಟುತ್ತದೆ.

ಕಾಡಿನ ದಾರಿಗಳಿಗೆ ಅನುಮತಿ ಬೇಕು. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಸರ್ಕಾರ ಬಿಗಿ ಮಾಡಿತು. ಈಗ ಹಲವು ದಾರಿಗಳಿಗೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಗಡ ಬುಕಿಂಗ್ ಬೇಕು, ದಿನಕ್ಕೆ ಇಷ್ಟೇ ಜನ ಅನ್ನುವ ಮಿತಿಯೂ ಇದೆ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ಜೊತೆಗೆ ಒಯ್ಯಿರಿ. ತಂಡದವರು ಮಾಡುತ್ತಾರೆ ಅಂತ ಸುಮ್ಮನಿರದೆ ನಿಮ್ಮ ಹೆಸರಿನ ಟಿಕೆಟ್ ಕೇಳಿ ತೆಗೆದುಕೊಳ್ಳಿ.

ಬಸ್ಸಿನ ಖರ್ಚಿನ ಚಿಂತೆ ಈಗ ಅಷ್ಟಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ. ರಾಜಹಂಸ, ಎಸಿ, ಸ್ಲೀಪರ್ ಬಿಟ್ಟು ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಶೂನ್ಯ. ಮಾಗಡಿ, ಚಿಕ್ಕಮಗಳೂರು, ಕುಕ್ಕೆ, ಕೊಲ್ಲೂರು ಎಲ್ಲಕ್ಕೂ ಕೆಂಪು ಬಸ್ಸು ಹೋಗುತ್ತದೆ. ನಾಲ್ಕು ಜನ ಗೆಳತಿಯರು ಹೊರಟರೆ ಕೊನೆಯ ಆಟೋ ಅಥವಾ ಜೀಪಿನ ಪಾಲು ಮಾತ್ರ ಕೈಯಿಂದ ಬೀಳುವುದು. ವಾಪಸ್ ಬರುವ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಇಳಿದ ಕೂಡಲೇ ವಿಚಾರಿಸಿಕೊಳ್ಳಿ.

ಯಾರ ಜೊತೆ ಹೋಗುವುದು

ಒಬ್ಬರೇ ಹೋಗಬಹುದಾ ಅಂತ ಕೇಳುವವರಿದ್ದಾರೆ. ಜನ ಓಡಾಡುವ ಮೆಟ್ಟಿಲು ಬೆಟ್ಟಕ್ಕೆ ಧಾರಾಳವಾಗಿ ಹೋಗಿ. ಕಾಡಿನ ದಾರಿಗೆ ಮೊದಮೊದಲು ಬೇಡ. ಮನುಷ್ಯರ ಭಯ ಒಂದು ಕಡೆಗಿರಲಿ, ಕಾಲು ಉಳುಕಿದರೆ ನೀರು ಕೊಡುವವರಾದರೂ ಬೇಕು. ಕನಿಷ್ಠ ನಾಲ್ಕು ಜನ ಇರಲಿ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿದ್ದು, ಇಬ್ಬರು ಕೆಳಗೆ ಹೋಗಿ ಸಹಾಯ ತರಬಹುದು.

ಚಾರಣ ಏರ್ಪಡಿಸುವ ಕಂಪನಿಗಳ ಜೊತೆ ಹೋಗುವುದಾದರೆ ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಕೇಳಿ. ತಂಡದಲ್ಲಿ ಎಷ್ಟು ಜನ, ಅವರಿಗೆ ಎಷ್ಟು ಮಾರ್ಗದರ್ಶಕರು? ಅವರಲ್ಲಿ ಹೆಂಗಸರಿದ್ದಾರಾ? ಕೊನೆಯಲ್ಲಿ ನಡೆಯುವವರ ಹಿಂದೆ ಒಬ್ಬರು ಇರುತ್ತಾರಾ? ಪ್ರಥಮ ಚಿಕಿತ್ಸೆ ಕಲಿತವರು ಯಾರು? ಹೆಂಗಸರಿಗೆ ಬೇರೆ ಕೋಣೆ, ಒಳಗಿನಿಂದ ಚಿಲಕ ಇರುವ ಬಚ್ಚಲು ಇದೆಯಾ? ಬಸ್ಸು ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತದೆ? ಎಲ್ಲಕ್ಕಿಂತ ಮುಖ್ಯ, ವಾಪಸ್ ತಂದು ಇಳಿಸುವುದು ಎಷ್ಟು ಗಂಟೆಗೆ, ಎಲ್ಲಿ? ಭಾನುವಾರ ರಾತ್ರಿ ಹನ್ನೊಂದೂವರೆಗೆ ಮೇಲ್ಸೇತುವೆಯ ಕೆಳಗೆ ಇಳಿಸಿ ಹೋಗುವ ತಂಡಗಳಿವೆ. ಬೆಟ್ಟಕ್ಕಿಂತ ಆ ಅರ್ಧ ಗಂಟೆ ಭಯಂಕರ. ಪ್ರಶ್ನೆ ಕೇಳಿದ್ದಕ್ಕೆ ಸಿಡುಕುವ ತಂಡದ ಜೊತೆ ಹೋಗಲೇಬೇಡಿ.

ಸರಿಯಾಗಿ ಕಲಿಯುವ ಆಸೆಯಿದ್ದರೆ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಬಂಡೆ ಏರುವ ತರಬೇತಿ ಕೊಡುತ್ತದೆ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಕಡಿಮೆ ಖರ್ಚಿನಲ್ಲಿ ಚಾರಣ ನಡೆಸುತ್ತದೆ. ಕಾಡಿನ ದಾರಿಯಲ್ಲಿ ಊರಿನ ಒಬ್ಬ ಗೈಡ್ ಇದ್ದರೆ ಇನ್ನೂ ಒಳ್ಳೆಯದು. ಯಾವ ಹಳ್ಳದಲ್ಲಿ ನೀರಿದೆ, ನಿನ್ನೆ ಆನೆ ಎಲ್ಲಿತ್ತು ಅಂತ ಗೊತ್ತಿರುವುದು ಅವರಿಗೇ.

ಮೈಗೆ, ಕಾಲಿಗೆ, ಬ್ಯಾಗಿಗೆ

ಚಾರಣಕ್ಕೆಂದೇ ಹೊಸ ಬಟ್ಟೆ ಕೊಳ್ಳಬೇಕಿಲ್ಲ. ಜೀನ್ಸ್ ಮಾತ್ರ ಬೇಡ, ಒದ್ದೆಯಾದರೆ ಕಲ್ಲಿನಷ್ಟು ಭಾರ. ಬೇಗ ಒಣಗುವ ಟ್ರ್ಯಾಕ್ ಪ್ಯಾಂಟು, ಪೂರ್ತಿ ತೋಳಿನ ಟೀ ಶರ್ಟು ಸಾಕು. ಚೂಡಿದಾರ ಹಾಕಿದರೂ ನಡೆಯುತ್ತದೆ, ಟಾಪು ಗಿಡ್ಡವಿರಲಿ. ದುಪ್ಪಟ್ಟಾ ಬ್ಯಾಗಿನಲ್ಲಿರಲಿ, ಅದರ ಉಪಯೋಗ ಮುಂದೆ ಬರುತ್ತದೆ. ಸ್ಪೋರ್ಟ್ಸ್ ಬ್ರಾ ಮಾತ್ರ ಒಳ್ಳೆಯದನ್ನೇ ಕೊಳ್ಳಿ. ದುಡ್ಡು ಹಾಕಬೇಕಾದ ಇನ್ನೊಂದು ಜಾಗ ಶೂ. ಅಡಿಯಲ್ಲಿ ಆಳವಾದ ಗೆರೆಗಳಿರಬೇಕು, ಸಾಕ್ಸ್ ಹಾಕಿದ ಮೇಲೂ ಬೆರಳ ತುದಿಯಲ್ಲಿ ಅರ್ಧ ಇಂಚು ಜಾಗ ಉಳಿಯಬೇಕು. ಇಲ್ಲದಿದ್ದರೆ ಇಳಿಯುವಾಗ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಹೊಸ ಶೂವನ್ನು ಎರಡು ವಾರ ಮನೆ ಸುತ್ತ ಹಾಕಿಕೊಂಡು ಓಡಾಡಿ.

ನೀರು ಮೂರು ಲೀಟರ್. ಎರಡು ಪ್ಯಾಕೆಟ್ ಓಆರ್‌ಎಸ್, ಇಲ್ಲವೇ ನಿಂಬೆಹಣ್ಣು, ಬೆಲ್ಲ, ಉಪ್ಪು ಹಾಕಿದ ಪಾನಕ. ಊಟಕ್ಕೆ ಚಪಾತಿ ಜೊತೆ ಚಟ್ನಿಪುಡಿ ಅಥವಾ ಪುಳಿಯೋಗರೆ, ಎರಡೂ ಸಂಜೆವರೆಗೆ ಕೆಡುವುದಿಲ್ಲ. ನಡುನಡುವೆ ಬಾಯಾಡಲು ಕಡಲೆಕಾಯಿ ಚಿಕ್ಕಿ, ಖರ್ಜೂರ, ಕೋಡುಬಳೆ. ಚಿಪ್ಸ್ ಪ್ಯಾಕೆಟ್‌ಗಿಂತ ಇವು ಮೇಲು, ಕಸವೂ ಆಗುವುದಿಲ್ಲ. ಬ್ಯಾಗಿನಲ್ಲಿ ಇನ್ನು ಟಾರ್ಚು, ಸೀಟಿ, ರೇನ್‌ಕೋಟು, ಒಂದು ಜೊತೆ ಸಾಕ್ಸು, ಕ್ರೇಪ್ ಬ್ಯಾಂಡೇಜು, ನಿಮ್ಮ ದಿನದ ಮಾತ್ರೆಗಳು. ಮಾಂಗಲ್ಯ, ಓಲೆ, ಬಳೆಗಳನ್ನು ಮನೆಯಲ್ಲೇ ಬಿಡಲು ಒಪ್ಪಿಗೆಯಿದ್ದರೆ ಬಿಟ್ಟುಬನ್ನಿ. ಇಲ್ಲವಾದರೆ ಸರವನ್ನು ಬಟ್ಟೆಯ ಒಳಗೆ ಸೇರಿಸಿಕೊಳ್ಳಿ, ಪೊದೆಗೆ ಸಿಕ್ಕಿಕೊಳ್ಳುತ್ತದೆ.

ಮೂತ್ರ, ಮುಟ್ಟು: ಯಾರೂ ಬಿಡಿಸಿ ಹೇಳದ ಭಾಗ

ಚಾರಣದಲ್ಲಿ ಹೆಂಗಸರು ಮಾಡುವ ದೊಡ್ಡ ತಪ್ಪು ನೀರು ಕುಡಿಯದೇ ಇರುವುದು. ದಾರಿಯಲ್ಲಿ ಶೌಚಾಲಯವಿಲ್ಲ, ಗಂಡಸರಿದ್ದಾರೆ, ಹೇಗೆ ಹೋಗುವುದು ಅಂತ ಬೆಳಿಗ್ಗೆಯಿಂದ ಬಾಯಿ ಒಣಗಿಸಿಕೊಂಡು ನಡೆಯುತ್ತಾರೆ. ಆಮೇಲೆ ತಲೆನೋವು, ಸ್ನಾಯು ಸೆಳೆತ, ಎರಡು ದಿನ ಬಿಟ್ಟು ಉರಿಮೂತ್ರ. ಬಸ್ಸು ಪ್ರಯಾಣದಲ್ಲೂ ನಾವು ಮಾಡುವುದು ಇದನ್ನೇ ಅಲ್ವಾ? ಬೆಟ್ಟದಲ್ಲಿ ಇದು ಅಪಾಯ. ಮೂತ್ರದ ಬಣ್ಣ ಕಡು ಹಳದಿಯಾಗಿದ್ದರೆ ನೀರು ಸಾಲದು ಎಂದರ್ಥ.

ಉಪಾಯ ಕಷ್ಟದ್ದೇನಲ್ಲ. ತಂಡದ ಹೆಂಗಸರು ಮೊದಲೇ ಮಾತಾಡಿಕೊಳ್ಳಿ. ಎರಡು ಗಂಟೆಗೊಮ್ಮೆ ಹತ್ತು ನಿಮಿಷ ನಿಲ್ಲುವುದು, ಗಂಡಸರು ಮುಂದೆ ನಡೆದು ತಿರುವಿನಾಚೆ ಕಾಯುವುದು. ಇದನ್ನು ಚಾರಣ ಶುರುವಾಗುವಾಗಲೇ ನಾಯಕರಿಗೆ ಹೇಳಿಬಿಟ್ಟರೆ ಪ್ರತಿ ಸಲ ಮುಜುಗರವಿಲ್ಲ. ದಾರಿಯಿಂದ ಸ್ವಲ್ಪ ಪಕ್ಕಕ್ಕೆ, ನೀರಿನ ತೊರೆಯಿಂದ 60 ಮೀಟರಾದರೂ ದೂರ ಹೋಗಿ. ಕೂರುವ ಜಾಗವನ್ನು ಕೋಲಿನಿಂದ ಒಮ್ಮೆ ಬಡಿದು ನೋಡಿ. ಗೆಳತಿ ದುಪ್ಪಟ್ಟಾ ಅಥವಾ ಬಿಚ್ಚಿದ ಕೊಡೆ ಮರೆ ಹಿಡಿದರೆ ಬೋಳುಗುಡ್ಡದಲ್ಲೂ ತೊಂದರೆಯಿಲ್ಲ. ನಿಂತೇ ಮೂತ್ರ ಮಾಡಲು ಆಗುವ ಸಿಲಿಕೋನ್ ಫನಲ್‌ಗಳು ಈಗ ಸಿಗುತ್ತವೆ, ಮಂಡಿನೋವಿನವರಿಗೆ ಬಹಳ ಅನುಕೂಲ. ಮನೆಯ ಬಚ್ಚಲಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿಕೊಂಡೇ ತನ್ನಿ. ಟಿಶ್ಯೂ ಕಾಗದವನ್ನು ಅಲ್ಲೇ ಬಿಸಾಡಬೇಡಿ. ಜಿಪ್ ಇರುವ ಕವರಿನಲ್ಲಿ ವಾಪಸ್ ತನ್ನಿ. ಮಲವಿಸರ್ಜನೆಗೆ ಅರ್ಧ ಅಡಿ ಗುಂಡಿ ತೋಡಿ ಮುಚ್ಚಿ.

ಮುಟ್ಟಿನ ದಿನ ಬಂತೆಂದು ಚಾರಣ ಬಿಡಬೇಕಿಲ್ಲ. ಹೊಟ್ಟೆನೋವು, ಸ್ರಾವ ಜಾಸ್ತಿಯಿರುವ ಮೊದಲೆರಡು ದಿನ ಕಷ್ಟವೆನಿಸಿದರೆ ಬಿಡಿ, ಅದು ನಿಮ್ಮ ಮೈಯ ಮಾತು. ಕೊಡಚಾದ್ರಿ, ಮುಳ್ಳಯ್ಯನಗಿರಿಯಂಥ ಬೆಟ್ಟಗಳ ಮೇಲೆ ಗುಡಿಗಳಿವೆ. ಒಳಗೆ ಹೋಗುವುದು ಬಿಡುವುದು ನಿಮ್ಮ ನಂಬಿಕೆಗೆ ಸೇರಿದ್ದು, ಬೆಟ್ಟಕ್ಕೂ ಅದಕ್ಕೂ ಗಂಟು ಹಾಕಬೇಡಿ. ದಿನ ಹತ್ತಿರವಿಲ್ಲದಿದ್ದರೂ ಎರಡು ಪ್ಯಾಡ್ ಬ್ಯಾಗಿನಲ್ಲಿರಲಿ, ನಿಮಗಲ್ಲದಿದ್ದರೆ ಇನ್ನೊಬ್ಬರಿಗೆ ಬೇಕಾಗುತ್ತದೆ. ಬಳಸಿದ ಪ್ಯಾಡನ್ನು ಹೂಳಬಾರದು. ಅದರಲ್ಲಿ ಪ್ಲಾಸ್ಟಿಕ್ ಇದೆ, ಪ್ರಾಣಿಗಳೂ ಕೆದಕುತ್ತವೆ. ಕಾಗದದಲ್ಲಿ ಸುತ್ತಿ, ಕಪ್ಪು ಕವರಿನಲ್ಲಿ ಕಟ್ಟಿ, ಊರಿಗೆ ತಂದು ಕಸಕ್ಕೆ ಹಾಕಿ. ಕವರಿಗೆ ಒಂದು ಚಮಚ ಕಾಫಿಪುಡಿ ಉದುರಿಸಿದರೆ ವಾಸನೆ ತಿಳಿಯುವುದಿಲ್ಲ. ಮುಟ್ಟಿನ ಕಪ್ ಬಳಸುವವರಿಗೆ ಸುಲಭ, ಆದರೆ ಚಾರಣದ ದಿನವೇ ಮೊದಲ ಸಲ ಪ್ರಯತ್ನಿಸಬೇಡಿ. ನೋವಿನ ಮಾತ್ರೆಯೂ ಹಾಗೆಯೇ, ಮೊದಲು ತೆಗೆದುಕೊಂಡು ಗೊತ್ತಿರುವುದನ್ನೇ ನುಂಗಿ.

ಹತ್ತುವಾಗ

ಮಾತಾಡುತ್ತಾ ನಡೆಯಲು ಆಗುವಷ್ಟು ವೇಗ ಸರಿಯಾದ ವೇಗ. ಮಾತು ಕಡಿದು ಏದುಸಿರು ಬಂದರೆ ಹೆಜ್ಜೆ ಚಿಕ್ಕದು ಮಾಡಿ. ಹುಡುಗರು ಓಡಿ ಮುಂದೆ ಹೋಗಲಿ ಬಿಡಿ, ಅರ್ಧ ದಾರಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತಿರುತ್ತಾರೆ. ತಂಡದ ವೇಗ ಎಲ್ಲರಿಗಿಂತ ನಿಧಾನ ನಡೆಯುವವರ ವೇಗವಾಗಿರಬೇಕು. ಅವರು ಬಂದು ಮುಟ್ಟಿದ ತಕ್ಷಣ "ಹೊರಡೋಣ" ಅನ್ನಬೇಡಿ, ಅವರಿಗೂ ಐದು ನಿಮಿಷ ಕೊಡಿ.

ಎಷ್ಟು ಹೊತ್ತು ಬೇಕಾಗುತ್ತದೆ ಅಂತ ಲೆಕ್ಕ ಹಾಕಲು ಸ್ಕಾಟ್ಲೆಂಡಿನ ನೈಸ್ಮಿತ್ ಎಂಬುವರು 1892ರಲ್ಲಿ ಕೊಟ್ಟ ಸೂತ್ರ ಈಗಲೂ ಬಳಕೆಯಲ್ಲಿದೆ. 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. 8 ಕಿ.ಮೀ. ದಾರಿ, 600 ಮೀಟರ್ ಏರು ಇದ್ದರೆ ಎರಡೂವರೆ ಗಂಟೆ ಆಯಿತು. ಇದು ಪಳಗಿದವರ ಲೆಕ್ಕ. ನಮ್ಮ ಬಿಸಿಲು, ಫೋಟೋ, ಚಿಕ್ಕಿ ಎಲ್ಲ ಸೇರಿಸಿ ನಾಲ್ಕು ಗಂಟೆ ಇಟ್ಟುಕೊಳ್ಳಿ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ ತಿರುಗುವುದು ಅಂತ ಬೆಳಿಗ್ಗೆಯೇ ಮಾತಾಗಿರಲಿ. ತುದಿ ಎದುರಿಗೇ ಕಾಣುತ್ತಿದ್ದರೂ ಸರಿ.

ಏಪ್ರಿಲ್, ಮೇ ತಿಂಗಳಲ್ಲಿ ಬಯಲುಸೀಮೆಯ ಬೆಟ್ಟ ಹತ್ತುವವರು ಮಧ್ಯಾಹ್ನದೊಳಗೆ ಕೆಳಗಿರಬೇಕು. ಮುಂಗಾರುಪೂರ್ವ ಮಳೆಯ ಸಿಡಿಲು ಬೋಳು ಬಂಡೆಯ ಮೇಲಿರುವವರನ್ನು ಬಿಡುವುದಿಲ್ಲ. ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪ್ ಫೋನಿನಲ್ಲಿರಲಿ. ಗುಡುಗು ಕೇಳಿಸಿತೆಂದರೆ ಇಳಿಯಲು ಶುರುಮಾಡಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಇಳಿಯುವಾಗ ಮಂಡಿ ಸ್ವಲ್ಪ ಬಗ್ಗಿಸಿ, ಚಿಕ್ಕ ಹೆಜ್ಜೆ, ಕಡಿದಾದ ಕಡೆ ಹಾವಿನ ಹಾಗೆ ಅಡ್ಡಡ್ಡ ನಡೆಯಿರಿ. ಕೋಲಿದ್ದರೆ ಮಂಡಿಯ ಭಾರ ಕಡಿಮೆಯಾಗುತ್ತದೆ. ಕೂತು ಜಾರಿಕೊಂಡು ಇಳಿಯುವುದರಲ್ಲಿ ನಾಚಿಕೆ ಏನಿಲ್ಲ, ಪ್ಯಾಂಟು ಹೋದರೆ ಹೋಯಿತು.

ಇನ್ನು ಮನಸ್ಸಿನ ವಿಷಯ. ನಾಲ್ಕೈದು ಗಂಟೆ ಯಾರೂ "ಅಮ್ಮಾ, ನನ್ನ ಸಾಕ್ಸ್ ಎಲ್ಲಿ?" ಅನ್ನುವುದಿಲ್ಲ. ಮುಂದಿನ ಕಲ್ಲು ಯಾವುದು, ಕಾಲು ಎಲ್ಲಿಡಬೇಕು ಅನ್ನುವುದೊಂದೇ ಯೋಚನೆ. ತಲೆಯೊಳಗೆ ಸದಾ ಓಡುವ ನಾಳೆಯ ತಿಂಡಿ, ಫೀಸು, ಆಫೀಸಿನ ಮೇಲ್ ಎಲ್ಲ ತಾವಾಗಿಯೇ ನಿಲ್ಲುತ್ತವೆ. ಅದಕ್ಕೇ ಒಂದು ಗಂಟೆಯಾದರೂ ಮಾತಿಲ್ಲದೆ ನಡೆಯಿರಿ ಅಂತ ಹೇಳುತ್ತೇನೆ. ಬ್ಲೂಟೂತ್ ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ಬರುವವರನ್ನು ಮುಂದೆ ಕಳಿಸಿಬಿಡಿ.

ಇಂಬಳ, ಉಣುಗು, ಜೇನು, ಆನೆ

ಇಂಬಳಕ್ಕೆ, ಅಂದರೆ ಜಿಗಣೆಗೆ, ಹೆದರಿ ಮಲೆನಾಡು ಬಿಡಬೇಡಿ. ಅದು ರಕ್ತ ಕುಡಿಯುತ್ತದೆ, ಅಷ್ಟೇ. ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ಸಾಕ್ಸಿಗೆ ಉಪ್ಪುನೀರು ಅಥವಾ ನಶ್ಯ ಸವರಿ. ಕಚ್ಚಿದ್ದನ್ನು ಎಳೆಯದೆ ಉಗುರಿನಿಂದ ಬಾಯಿಯ ಬದಿಯಲ್ಲಿ ಜಾರಿಸಿ ಬಿಡಿಸಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಉಣುಗಿನ (ಉಣ್ಣೆ ಹುಳ) ವಿಷಯ ಹಾಗಲ್ಲ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಡಿಸೆಂಬರಿನಿಂದ ಮೇವರೆಗೆ ಜಾಸ್ತಿ ಕಾಣಿಸಿಕೊಳ್ಳುತ್ತದೆ. ಆ ಕಾಲದಲ್ಲಿ ಹೋಗುವವರು ಊರಿನವರನ್ನೂ ಆರೋಗ್ಯ ಇಲಾಖೆಯವರನ್ನೂ ವಿಚಾರಿಸಿ ಹೋಗಿ. ಉಣುಗು ಹತ್ತದಂತೆ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಒಣ ಎಲೆಯ ರಾಶಿಯ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಆಮೇಲಿನ ಎರಡು ವಾರದಲ್ಲಿ ಜೋರು ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಬಂಡೆ ಬೆಟ್ಟಗಳಲ್ಲಿ ಹೆಜ್ಜೇನು ಇರುತ್ತದೆ. ಸೆಂಟು, ಮಲ್ಲಿಗೆ ಹೂವು, ಹೊಗೆ, ಕಿರುಚಾಟ ಬೇಡ. ಎದ್ದರೆ ದುಪ್ಪಟ್ಟಾದಿಂದ ಮುಖ ಮುಚ್ಚಿ, ಕೈಬೀಸದೆ ದೂರ ಹೋಗಿ. ಕೊಡಗು, ಸಕಲೇಶಪುರದ ಕಡೆ ಆನೆಯ ಹಸಿ ಲದ್ದಿ ಕಂಡರೆ, ಕೊಂಬೆ ಮುರಿಯುವ ಸದ್ದು ಬಂದರೆ ಬಂದ ದಾರಿಯಲ್ಲೇ ವಾಪಸ್. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ನಾಟಿ ಮದ್ದಿಗೆ ಹೊತ್ತು ಕಳೆಯಬೇಡಿ. ಬಳೆ, ಉಂಗುರ, ಕಾಲುಂಗುರ ತೆಗೆದು, ಕಚ್ಚಿದ ಭಾಗ ಅಲುಗಾಡದಂತೆ ಕೋಲು ಕಟ್ಟಿ, ನಡೆಸದೆ ಹೊತ್ತು ಇಳಿಸಿ 108ಕ್ಕೆ ಫೋನ್ ಮಾಡಿ. ಪೊಲೀಸ್ ಸಹಾಯಕ್ಕೆ 112.

ಇಳಿದ ಮೇಲೆ

ಮರುದಿನಕ್ಕಿಂತ ಅದರ ಮರುದಿನ ತೊಡೆ ಜಾಸ್ತಿ ನೋಯುತ್ತದೆ. ಇದು ಸಹಜ. ಮಲಗಿಬಿಡದೆ ನಿಧಾನವಾಗಿ ಓಡಾಡಿ. ಮಂಡಿ ಊದಿಕೊಂಡರೆ ಮಾತ್ರ ತೋರಿಸಿ. ನೋವು ಮಾಯುವ ಮೊದಲೇ ಗೆಳತಿಯರ ಗುಂಪಿನಲ್ಲಿ ಮುಂದಿನ ದಿನಾಂಕ ಹಾಕಿಬಿಡಿ. ನೋವು ಹೋದ ಮೇಲೆ ಹಾಕೋಣ ಅಂದರೆ ಮದುವೆ, ಪರೀಕ್ಷೆ, ಶ್ರಾವಣ ಅಂತ ವರ್ಷ ಕಳೆಯುತ್ತದೆ.

ನಾಲ್ಕಾರು ಬೆಟ್ಟ ಆದ ಮೇಲೆ ಹಿಮಾಲಯದ ಆಸೆ ಹುಟ್ಟುತ್ತದೆ. ಹುಟ್ಟಲಿ. ಒಂದು ವಿಷಯ ಮಾತ್ರ ತಿಳಿದಿರಲಿ. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ. ಎತ್ತರದ ಕಾಯಿಲೆ ಕಾಡುವುದು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ಹೊಸಬರು ಹೆಚ್ಚಾಗಿ ಹೋಗುವ ಉತ್ತರಾಖಂಡದ ಕೇದಾರಕಂಠ ಸುಮಾರು 3,800 ಮೀಟರ್ ಇದೆ. ಇಲ್ಲಿ ಎಷ್ಟು ಪಳಗಿದ್ದರೂ ಅಲ್ಲಿ ಮೈ ಹೊಸದಾಗಿ ಒಗ್ಗಿಕೊಳ್ಳಬೇಕು. ಅದಕ್ಕೆ ನಿಧಾನವಾಗಿ, ಒಂದೊಂದು ದಿನ ತಂಗುತ್ತಾ ಏರುವ ತಂಡವನ್ನು ಆರಿಸಿ. ತಲೆನೋವು, ವಾಂತಿ, ತಲೆಸುತ್ತು ಬಂದರೆ ಮುಚ್ಚಿಡದೆ ಹೇಳಿ. ಹಾಗೆ ಹೇಳಿದವರನ್ನು ಅವತ್ತು ಮೇಲೆ ಕರೆದೊಯ್ಯದೆ ಅಲ್ಲೇ ನಿಲ್ಲಿಸುವ, ಜಾಸ್ತಿಯಾದರೆ ಕೂಡಲೇ ಕೆಳಗಿಳಿಸುವ ತಂಡವಾ ಅಂತ ದುಡ್ಡು ಕಟ್ಟುವ ಮೊದಲು ಕೇಳಿ ತಿಳಿದುಕೊಳ್ಳಿ.